ಎರಡು ಹೆಸರು ಬರೆದವಳು

ಹಿರ್ಮಾನ್ ಹಾಯ್ನಲ್ಕಾ ನಮ್ಮ ಕ್ಲಬ್ಬಿನ ಗೇಟಿನೊಳಗೆ ಮೊದಲ ಸಲ ಕಾಲಿಟ್ಟದ್ದು ಆಡಲಿಕ್ಕಲ್ಲ, ಮೀನು ಕೊಡಲಿಕ್ಕೆ. ಅವಳ ಅಪ್ಪ ಡ್ಯಾನ್ಯೂಬಿನಲ್ಲಿ ಬಲೆ ಹಾಕುವವನು. ಕುಡಿದು ಏಳಲಾಗದೆ ಬಿದ್ದಿರುವ ದಿನ ಗಿರಾಕಿಗಳಿಗೆ ಮೀನು ಮುಟ್ಟಿಸುವ ಕೆಲಸ ಮಗಳ ಪಾಲಿಗೆ ಬರುತ್ತಿತ್ತು. ಅವಳಿಗೆ ಆಗ ಎಂಟು ವರ್ಷ. ಒದ್ದೆ ಗೋಣಿಯಲ್ಲಿ ಮಿಡುಕುತ್ತಿದ್ದ ಎರಡು ಗೆಂಡೆ ಮೀನನ್ನು ಬೆಂಚಿನ ಮೇಲಿಟ್ಟಳು. ಕೋಚ್ ಕಾಜ್ಮೇರ್ ಬಕೆಟ್ಟು ತರಲು ಒಳಗೆ ಹೋದದ್ದೇ ತಡ, ಅಲ್ಲೇ ಬಿದ್ದಿದ್ದ ರ‍್ಯಾಕೆಟ್ಟನ್ನು ಎತ್ತಿಕೊಂಡು ಗೋಡೆಗೆ ಚೆಂಡು ಹೊಡೆಯಲು ಶುರು ಮಾಡಿದಳು. ಹತ್ತರಲ್ಲಿ ಎಂಟು ಹೊಡೆತ ತಪ್ಪುತ್ತಿತ್ತು. ಆದರೆ ತಪ್ಪಿದ ಚೆಂಡಿನ ಹಿಂದೆ ಅವಳು ಓಡುತ್ತಿದ್ದದ್ದು, ಯಾರೋ ಅದನ್ನು ಕದ್ದುಕೊಂಡು ಹೋಗುತ್ತಿದ್ದಾರೇನೋ ಎನ್ನುವ ಹಾಗಿತ್ತಂತೆ.

"ನಿನ್ನ ಮೀನು ಬಿಸಿಲಲ್ಲಿ ನಾರ್ತಾ ಇದೆ, ಮನೆಗೆ ಹೋಗಲ್ವೇನೇ?" ಎಂದು ಕೋಚ್ ಕೇಳಿದರು.

"ಮೀನು ಈಗ ನಿಮ್ಮದು ಬಾಚಿ. ನಾರಿದ್ರೆ ನಂಗೇನು?" ಎಂದಳು.

ದೊಡ್ಡ ಗಂಡಸರನ್ನು ಬಾಚಿ ಎಂದೂ ದೊಡ್ಡ ಹೆಂಗಸರನ್ನು ನೇನಿ ಎಂದೂ ಕರೆಯುವುದು ನಮ್ಮ ಕಡೆಯ ರೂಢಿ. ಕಾಜ್ಮೇರ್ ಬಾಚಿ ಈ ಕತೆಯನ್ನು ನೂರು ಸಲ ಹೇಳಿದ್ದಾರೆ, ಪ್ರತಿ ಸಲವೂ ನಕ್ಕಿದ್ದಾರೆ. ೧೯೯೩ರ ಮೇ ತಿಂಗಳಿನ ನಂತರ ಮಾತ್ರ ಒಮ್ಮೆಯೂ ಹೇಳಲಿಲ್ಲ.

ಡ್ಯಾನ್ಯೂಬ್ ದಂಡೆಯ ಬಾಯಾ ನಮ್ಮ ಊರು. ಬಟ್ಟೆ ಗಿರಣಿಯವರು ಕಾರ್ಮಿಕರಿಗೆಂದು ಮಾಡಿಕೊಟ್ಟ ನಾಲ್ಕು ಕೆಮ್ಮಣ್ಣಿನ ಕೋರ್ಟು, ಒಂದು ಗೋಡೆ, ಬಟ್ಟೆ ಬದಲಿಸಲು ಒಂದು ಶೆಡ್ಡು, ಇಷ್ಟೇ ನಮ್ಮ ಕ್ಲಬ್ಬು. ಕಾಜ್ಮೇರ್ ಬಾಚಿ ಗಿರಣಿಯ ಬಣ್ಣದ ಖಾತೆಯಲ್ಲಿ ದುಡಿದು, ಪಾಳಿ ಮುಗಿದ ಮೇಲೆ ಮಕ್ಕಳಿಗೆ ಆಟ ಕಲಿಸುತ್ತಿದ್ದರು. ಅವರ ಉಗುರಿನ ಸಂದಿಯಲ್ಲಿ ಯಾವಾಗಲೂ ನೀಲಿಯೋ ಹಸಿರೋ ಇರುತ್ತಿತ್ತು. ನಾನು ಓಟ್ಟೊ, ರೇವೇಸ್ ಮನೆತನದವನು. ರ‍್ಯಾಕೆಟ್ಟಿಗೆ ತಂತಿ ಬಿಗಿಯುವುದನ್ನು ಅವರಿಂದಲೇ ಕಲಿತು, ಅದೇ ಶೆಡ್ಡಿನ ಮೂಲೆಯಲ್ಲಿ ನನ್ನ ಯಂತ್ರ ಇಟ್ಟುಕೊಂಡವನು. ನನ್ನ ತಂಗಿ ಝೀಟಾ ಹಾಯ್ನಲ್ಕಾಳಿಗಿಂತ ಒಂದು ವರ್ಷ ಚಿಕ್ಕವಳು. ಹಾಯ್ನಲ್ಕಾಳನ್ನು ಎಲ್ಲರೂ ಹಾಯ್ನಿ ಎನ್ನುತ್ತಿದ್ದರು.

ಇಬ್ಬರ ಆಟಕ್ಕೂ ಅಜಗಜಾಂತರ. ಝೀಟಾಳ ಕೈ ಮೆತ್ತಗೆ; ನೆಟ್ಟಿನ ಹತ್ತಿರ ನಿಂತರೆ ಎದುರಾಳಿ ಸಿಡಿಸಿದ ಚೆಂಡು ಅವಳ ರ‍್ಯಾಕೆಟ್ಟಿಗೆ ತಾಗಿ, ಬೆಕ್ಕು ಕಿಟಕಿಯಿಂದ ಇಳಿದ ಹಾಗೆ ಆಚೆ ಬದಿಗೆ ಇಳಿಯುತ್ತಿತ್ತು. ಕಲಿತು ಬಂದದ್ದಲ್ಲ, ಹುಟ್ಟಿನಿಂದ ಬಂದದ್ದು. ಹಾಯ್ನಿಗೆ ಹುಟ್ಟಿನಿಂದ ಬಂದದ್ದು ಹಟ ಒಂದೇ. ಅವಳು ನನ್ನಿಂದ ತಂತಿಯನ್ನು ಇಪ್ಪತ್ತೇಳು ಕಿಲೋದವರೆಗೆ ಬಿಗಿಸಿಕೊಳ್ಳುತ್ತಿದ್ದಳು. ಝೀಟಾಳಿಗೆ ಇಪ್ಪತ್ತಮೂರು ಸಾಕು.

"ಇಷ್ಟು ಬಿಗಿದ್ರೆ ಹಲಗೆ ಆಗುತ್ತೆ ಕಣೇ. ಭುಜ ಉಳಿಯಲ್ಲ," ಎಂದು ನಾನು ಹೇಳಿದರೆ, "ಭುಜ ನನ್ನದು. ನೀನು ತಂತಿ ನೋಡ್ಕೋ," ಎನ್ನುತ್ತಿದ್ದಳು.

ಅವಳಿಗೆ ಹನ್ನೊಂದು ವರ್ಷವಾದಾಗ ತಾಯಿ ಬೇರೊಬ್ಬನ ಜೊತೆ ಪೇಚ್ ನಗರಕ್ಕೆ ಹೋದಳು. ಅಪ್ಪ ನದಿ ದಂಡೆಯ ಕುಡಿಯುವ ಅಂಗಡಿಯನ್ನೇ ಮನೆ ಮಾಡಿಕೊಂಡ. ಅಲ್ಲಿಂದ ಮುಂದೆ ಹಾಯ್ನಿ ಉಂಡದ್ದು, ಬೆಳೆದದ್ದು ಬಹುಮಟ್ಟಿಗೆ ನಮ್ಮ ಮನೆಯಲ್ಲೇ. ನಮ್ಮಮ್ಮ ಅರಂಕಾ ಬೆಳಿಗ್ಗೆ ಎರಡು ಸ್ಟೂಲು ಹಾಕಿ, ಒಬ್ಬಳಾದ ಮೇಲೆ ಒಬ್ಬಳಂತೆ ಇಬ್ಬರಿಗೂ ಜಡೆ ಹಾಕುತ್ತಿದ್ದಳು. ಹಾಯ್ನಿಯ ಕೂದಲು ಒರಟು. "ಕುದುರೆ ಬಾಲ ಬಾಚೋದೇ ಸುಲಭ," ಎಂದು ಅಮ್ಮ ಗೊಣಗುವುದು, "ನೋವಾಗ್ತಾ ಇದೆ ಅರಂಕಾ ನೇನಿ," ಎಂದು ಅವಳು ಸಿಡುಕುವುದು, ಇದು ಬೆಳಗಿನ ಸುಪ್ರಭಾತ.

ಇಬ್ಬರೂ ಶಾಲೆ ಮುಗಿಸುವ ಹೊತ್ತಿಗೆ ದೇಶದಲ್ಲಿ ಕಮ್ಯುನಿಸ್ಟ್ ಆಡಳಿತ ಬಿದ್ದು ಎಲ್ಲ ಬದಲಾಯಿತು. ಗಿರಣಿಯ ಅರ್ಧ ಮಗ್ಗಗಳು ನಿಂತವು, ಆಮೇಲೆ ಉಳಿದರ್ಧವೂ ನಿಂತಿತು. ಕ್ಲಬ್ಬಿಗೆ ದಿಕ್ಕಿಲ್ಲದಾಯಿತು. ಕೋರ್ಟಿಗೆ ಹೊಸ ಕೆಮ್ಮಣ್ಣು ಬರುವುದು ನಿಂತಿದ್ದರಿಂದ ಕಾಜ್ಮೇರ್ ಬಾಚಿ ಬಿದ್ದ ಹಂಚುಗಳನ್ನು ಆಯ್ದು ತಂದು ತಾವೇ ಕುಟ್ಟಿ ಪುಡಿ ಮಾಡಿ ಹರಡುತ್ತಿದ್ದರು. ಗಡಿಗಳು ತೆರೆದಿದ್ದವು. ನಮ್ಮಪ್ಪ ತೀರಿಕೊಂಡ ಮೇಲೆ ಅಂಗಳದಲ್ಲಿ ಸುಮ್ಮನೆ ನಿಂತಿದ್ದ ಲಾಡಾ ಕಾರನ್ನು ನಾನೇ ರಿಪೇರಿ ಮಾಡಿ ಹುಡುಗಿಯರ ಕೈಗೆ ಕೊಟ್ಟೆ.

ನಾಲ್ಕು ವರ್ಷ ಅವರಿಬ್ಬರೂ ಆ ಕಾರಿನಲ್ಲಿ ಬದುಕಿದರು ಎಂದರೆ ಹೆಚ್ಚಲ್ಲ. ಟೆನಿಸ್ ಎಂದರೆ ಟೀವಿಯಲ್ಲಿ ಕಾಣುವ ಬಿಳಿ ಬಟ್ಟೆ, ಹೂವಿನ ಕುಂಡ ಎಂದುಕೊಂಡವರಿಗೆ ಇದರ ಕೆಳಗಿನ ಮೆಟ್ಟಿಲು ಗೊತ್ತಿರುವುದಿಲ್ಲ. ಪೋಲೆಂಡಿನ ಯಾವುದೋ ಊರು, ಸ್ಲೊವಾಕಿಯಾದ ಯಾವುದೋ ಊರು. ನೋಡಲು ಬಂದವರು ಹನ್ನೆರಡು ಮಂದಿ, ಅವರಲ್ಲಿ ಆರು ಮಂದಿ ಆಟಗಾರರ ತಾಯಂದಿರು. ಮುಖ್ಯ ಪಂದ್ಯಗಳಿಗೆ ಮೊದಲು ಮೂರು ಅರ್ಹತಾ ಪಂದ್ಯ ಗೆಲ್ಲಬೇಕು. ಅದಕ್ಕೂ ಮೊದಲು, ಹಿಂದಿನ ದಿನ ಸಂಜೆ ಆರರೊಳಗೆ, ಅಲ್ಲಿನ ಮೇಜಿನ ಮೇಲಿಟ್ಟ ಹಾಳೆಯಲ್ಲಿ ಖುದ್ದಾಗಿ ಹೋಗಿ ಹೆಸರು ಬರೆಯಬೇಕು. ಆರು ಗಂಟೆ ಒಂದು ನಿಮಿಷವಾದರೆ ಆ ವಾರ ನೀವು ಇಲ್ಲ. ಡಬಲ್ಸಿಗೆ ಬೇರೆ ಹಾಳೆ. ಜೋಡಿಯಲ್ಲಿ ಒಬ್ಬರು ಬಂದು ಇಬ್ಬರ ಹೆಸರನ್ನೂ ಬರೆದರೆ ನಡೆಯುತ್ತಿತ್ತು.

ಅಮ್ಮ ಕಟ್ಟಿಕೊಟ್ಟ ಬ್ರೆಡ್ಡಿಗೆ ಹಂದಿಯ ಕೊಬ್ಬು ಸವರಿ, ಮೇಲೆ ಈರುಳ್ಳಿ ಇಟ್ಟು ತಿನ್ನುತ್ತಿದ್ದರು. ಬಟ್ಟೆಯನ್ನು ಕ್ಲಬ್ಬುಗಳ ಬಚ್ಚಲಲ್ಲಿ ಒಗೆದು ಕಾರಿನ ಹಿಂಬದಿ ಗಾಜಿನ ಹತ್ತಿರ ಹರವುತ್ತಿದ್ದರು. ಡಬಲ್ಸಿನಲ್ಲಿ ಝೀಟಾ ನೆಟ್ಟಿನ ಬಳಿ, ಹಾಯ್ನಿ ಹಿಂದೆ. ಹಾಯ್ನಿ ಎದುರಾಳಿಗಳನ್ನು ಓಡಿಸಿ ಓಡಿಸಿ ಸುಸ್ತು ಮಾಡುವುದು, ಝೀಟಾ ಕೊನೆಯಲ್ಲಿ ಒಂದು ಮೆತ್ತನೆಯ ಹೊಡೆತದಿಂದ ಮುಗಿಸುವುದು. ಸಿಂಗಲ್ಸಿನ ವಿಶ್ವ ಪಟ್ಟಿಯಲ್ಲಿ ಹಾಯ್ನಿ ಇನ್ನೂರ ಎಂಬತ್ತರ ಸುಮಾರಿಗೆ ಬಂದಳು. ಝೀಟಾ ನಾನೂರರ ಆಸುಪಾಸಿನಲ್ಲಿ ನಿಂತಳು. ಅವಳಿಗೆ ಅದರ ಚಿಂತೆಯೂ ಇರಲಿಲ್ಲ.

೧೯೯೩ರ ಈಸ್ಟರಿಗೆ ಮನೆಗೆ ಬಂದಾಗ ಝೀಟಾ ಶೆಡ್ಡಿಗೆ ಬಂದು ನನ್ನ ಯಂತ್ರದ ಪಕ್ಕದಲ್ಲಿ ಕುಳಿತಳು.

"ಓಟ್ಟೊ, ನಾನು ಬಿಟ್ಬಿಡ್ತೀನಿ. ಟೀಚರ್ ಕಾಲೇಜಿಗೆ ಅರ್ಜಿ ಹಾಕಿದ್ದೆ, ಸೀಟು ಸಿಕ್ತು. ಸೆಪ್ಟೆಂಬರಿನಿಂದ."

"ಹಾಯ್ನಿಗೆ ಹೇಳಿದ್ಯಾ?"

"ಅವಳಿಗೆ ಹೇಳೋದು ನಿಂಗೆ ಹೇಳಿದಷ್ಟು ಸುಲಭನಾ? ಹೇಳ್ತೀನಿ. ಅಮ್ಮನಿಗೂ ಹೇಳ್ಬೇಡ ಈಗಲೇ. ಮೊದಲು ಅವಳಿಗೆ ಹೇಳ್ಬೇಕು, ಅದು ನ್ಯಾಯ."

ಮೇ ತಿಂಗಳ ಒಂದು ಶುಕ್ರವಾರ ಅವರು ಸ್ಲೊವೇನಿಯಾದ ಮಾರಿಬೋರ್‌ನಲ್ಲಿ ಡಬಲ್ಸ್ ಫೈನಲ್ ಆಡಿದರು. ಬೆಳಿಗ್ಗೆ ಬೇಗನೆ ಶುರುವಾದದ್ದು ಮೂರು ಸೆಟ್ಟಿಗೆ ಎಳೆದು, ಹನ್ನೊಂದಕ್ಕೆ ಮುಗಿಯಿತು. ಗೆದ್ದಿದ್ದರು. ಝೀಟಾ ಕ್ಲಬ್ಬಿಗೆ ಫೋನು ಮಾಡಿದಳು.

"ಗೆದ್ವಿ. ಆದ್ರೆ ಹಾಯ್ನಿಗೆ ತಲೆ ಕೆಟ್ಟಿದೆ. ಮುಂದಿನ ಪಂದ್ಯಾವಳಿಗೆ ಹೆಸರು ಬರೆಯೋಕೆ ಆರರೊಳಗೆ ಬುಡಾಪೆಸ್ಟ್ ಮುಟ್ಟಬೇಕಂತೆ, ಊಟಕ್ಕೂ ನಿಲ್ಲಿಸಲ್ವಂತೆ. ಗೆದ್ದ ಕಪ್ ಕೈಗೆ ಕೊಡ್ತಿರೋವಾಗಲೇ ಕಾರಿನ ಬೀಗ ತೆಗೀತಿದ್ಳು."

"ಆ ವಿಷ್ಯ ಹೇಳಿದ್ಯಾ?"

"ಇವತ್ತು ಕಾರಲ್ಲಿ ಹೇಳ್ತೀನಿ. ಓಡಿಸ್ತಿರೋವಾಗ ಹೇಳಿದ್ರೆ ರ‍್ಯಾಕೆಟ್ಟಿನಲ್ಲಿ ಹೊಡೆಯೋಕಾಗಲ್ವಲ್ಲ," ಎಂದು ನಕ್ಕಳು.

ನಾನು ಅವಳ ದನಿ ಕೇಳಿದ್ದು ಅದೇ ಕೊನೆ.

ಬಾಲಾಟೊನ್ ಸರೋವರದ ದಕ್ಷಿಣ ದಂಡೆಯ ರಸ್ತೆಯಲ್ಲಿ, ಮಧ್ಯಾಹ್ನ ಎರಡೂವರೆಗೆ, ಹಾಯ್ನಿ ಹುಲ್ಲು ಹೇರಿದ್ದ ಟ್ರ್ಯಾಕ್ಟರೊಂದನ್ನು ಹಿಂದಿಕ್ಕಲು ಹೋದಳು. ಎದುರಿನಿಂದ ಬಸ್ಸು ಬಂತು. ತಪ್ಪಿಸಲು ಬಲಕ್ಕೆ ಎಳೆದಳು. ಕಾರಿನ ಬಲಬದಿ, ಝೀಟಾ ಕುಳಿತಿದ್ದ ಬದಿ, ಸಾಲುಮರವೊಂದಕ್ಕೆ ಅಪ್ಪಳಿಸಿತು. ಹಾಯ್ನಿಗೆ ಹಣೆಯ ಮೇಲೊಂದು ಗೀರು, ಅಷ್ಟೇ.

ಆಂಬುಲೆನ್ಸು ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಝೀಟಾಳನ್ನು ಕಾಪೊಶ್ವಾರ್ ಆಸ್ಪತ್ರೆಗೆ ಒಯ್ದರು. ಪೊಲೀಸರು ಹಾಯ್ನಿಯ ಹೇಳಿಕೆ ಬರೆದುಕೊಂಡು, ಅವಳನ್ನೂ ಆಸ್ಪತ್ರೆಗೆ ಬಿಡುತ್ತೇವೆಂದರು. ಅವಳು ಬೇಡವೆಂದು, ಜಜ್ಜಿಹೋದ ಕಾರಿನ ಹಿಂಬದಿಯಿಂದ ತನ್ನ ಚೀಲ ಎಳೆದುಕೊಂಡು, ಬುಡಾಪೆಸ್ಟಿನ ಕಡೆ ಹೊರಟಿದ್ದ ಲಾರಿಯೊಂದಕ್ಕೆ ಕೈ ಅಡ್ಡ ಹಿಡಿದಳು. ಆ ಲಾರಿಯ ಡ್ರೈವರ್ ಆಮೇಲೆ ನನಗೆ ಸಿಕ್ಕಿ ಹೇಳಿದ. "ಅಳಲಿಲ್ಲ ಸ್ವಾಮಿ. ಚೀಲ ತೊಡೆ ಮೇಲಿಟ್ಕೊಂಡು ಕೂತಿದ್ಳು. ಗಂಟೆ ಎಷ್ಟು, ಗಂಟೆ ಎಷ್ಟು, ಇದೊಂದೇ ಕೇಳ್ತಿದ್ದದ್ದು. ಆಸ್ಪತ್ರೆಗೆ ಹೋಗ್ತಿದಾಳೆ ಅಂದ್ಕೊಂಡು ನಾನೂ ಓಡಿಸಿದೆ."

ಆರಕ್ಕೆ ಹತ್ತು ನಿಮಿಷ ಇರುವಾಗ ಅವಳು ಆ ಮೇಜಿನ ಮುಂದೆ ನಿಂತಳು. ಸಿಂಗಲ್ಸಿನ ಹಾಳೆಯಲ್ಲಿ ತನ್ನ ಹೆಸರು ಬರೆದಳು. ಡಬಲ್ಸಿನ ಹಾಳೆಯಲ್ಲಿ ತನ್ನ ಹೆಸರು, ಅದರ ಪಕ್ಕದಲ್ಲಿ ರೇವೇಸ್ ಝೀಟಾ ಎಂದು ಬರೆದಳು. ನನ್ನ ತಂಗಿ ಆಗ ಆಪರೇಷನ್ ಮೇಜಿನ ಮೇಲಿದ್ದಳು.

ಅಮ್ಮ, ನಾನು ಆಸ್ಪತ್ರೆಯ ಹಸಿರು ಬೆಂಚಿನ ಮೇಲೆ ಮೂರು ದಿನ ಕುಳಿತೆವು. ಅಮ್ಮ ಮೊದಲ ದಿನವೆಲ್ಲ, "ಹಾಯ್ನಿ ಎಲ್ಲಿ? ಅವಳಿಗೂ ಪೆಟ್ಟಾಗಿದೆಯೇನೋ, ಯಾವ ವಾರ್ಡಲ್ಲಿ ಮಲಗ್ಸಿದಾರೋ, ಕೇಳ್ಕೊಂಡ್ ಬಾ," ಎಂದು ನನ್ನನ್ನು ಅಟ್ಟುತ್ತಿದ್ದಳು. ನರ್ಸೊಬ್ಬಳು, ದಿನಕ್ಕೆರಡು ಸಲ ಬುಡಾಪೆಸ್ಟಿನಿಂದ ಯಾವುದೋ ಹುಡುಗಿ ಫೋನು ಮಾಡಿ ವಿಚಾರಿಸುತ್ತಿದ್ದಾಳೆ ಎಂದಳು. ಆಗ ನಮಗೆ ಗೊತ್ತಾಯಿತು. ಅಮ್ಮ ಆಮೇಲೆ ಅವಳ ಹೆಸರೆತ್ತಲಿಲ್ಲ.

ಶನಿವಾರ ಹಾಯ್ನಿ ಗೆದ್ದಳು. ಭಾನುವಾರ ಗೆದ್ದಳು. ಸೋಮವಾರ ಬೆಳಿಗ್ಗೆಯೂ ಗೆದ್ದಳು. ಸೋಮವಾರ ಮಧ್ಯಾಹ್ನ ನಾಲ್ಕಕ್ಕೆ ಝೀಟಾ ಕಣ್ಣು ತೆರೆಯದೆಯೇ ಹೋದಳು. ಸಂಜೆಯ ಫೋನಿನಲ್ಲಿ ನರ್ಸು ಹಾಯ್ನಿಗೆ ತಿಳಿಸಿದ್ದಾಳೆ. ಮಂಗಳವಾರ ಹತ್ತು ಗಂಟೆಗೆ ಅವಳು ಮುಖ್ಯ ಸುತ್ತಿನ ಮೊದಲ ಪಂದ್ಯ ಆಡಿದಳು. ಅಲ್ಲಿಯವರೆಗೆ ಅಷ್ಟು ದೊಡ್ಡ ಪಂದ್ಯಾವಳಿಯಲ್ಲಿ ಅವಳು ಒಂದು ಸುತ್ತನ್ನೂ ದಾಟಿದವಳಲ್ಲ. ಆ ವಾರ ಸೆಮಿಫೈನಲ್ ಮುಟ್ಟಿದಳು. ಜೋಡಿ ಬಾರದ ಕಾರಣ ಡಬಲ್ಸಿನ ಹಾಳೆಯ ಮೇಲೆ ಯಾರೋ ಗೆರೆ ಎಳೆದರು.

ಸೆಮಿಫೈನಲ್ ಇದ್ದದ್ದು ಶನಿವಾರ. ಝೀಟಾಳನ್ನು ಮಣ್ಣು ಮಾಡಿದ್ದೂ ಶನಿವಾರ. ಎಲ್ಲರೂ ಹೋದ ಮೇಲೆ, ನಾನು ಹೂವಿನ ಹಾರಗಳನ್ನು ಸರಿ ಮಾಡುತ್ತಿದ್ದಾಗ, ಅವಳು ಸ್ಮಶಾನದ ದಾರಿಯಲ್ಲಿ ಬಂದಳು. ಸೋತು ಬಂದಿದ್ದಳು. ಸಾಕ್ಸಿನ ಮೇಲೆ ಕೆಮ್ಮಣ್ಣು ಹಾಗೇ ಇತ್ತು. ನಾನು ಅವಳನ್ನು ದಾಟಿ ನಡೆದುಬಿಟ್ಟೆ.

ಮರುದಿನ ಅವಳು ಮನೆ ಬಾಗಿಲಿಗೆ ಬಂದಳು. ಅಮ್ಮ ಹೊಸ್ತಿಲಲ್ಲೇ ನಿಂತಳು.

"ಅರಂಕಾ ನೇನಿ, ಝೀಟಾನೇ ಹೇಳಿದ್ದು. ಆಂಬುಲೆನ್ಸ್ ಬರೋ ಮುಂಚೆ. ನೀನು ಹೋಗು, ಹೋಗಿ ಇಬ್ಬರ ಹೆಸರೂ ಬರಿ ಅಂತ ಅವಳೇ ಹೇಳಿದ್ಳು."

ಅಮ್ಮ ಅವಳ ಕೆನ್ನೆಗೆ ಹೊಡೆದಳು. ಜೋರಾಗಿಯೇನೂ ಅಲ್ಲ. "ಸುಳ್ಳಿ. ನಿನ್ನ ತಲೆ ಬಾಚಿದ ಕೈ ಇದು. ಇನ್ನು ಈ ಮನೆ ಮೆಟ್ಟಿಲು ಹತ್ತಬೇಡ," ಎಂದು ಬಾಗಿಲು ಹಾಕಿಕೊಂಡಳು.

ಊರು ಅಮ್ಮನ ಕಡೆಗಿತ್ತು. ಕಾಜ್ಮೇರ್ ಬಾಚಿ ಅವಳನ್ನು ಬೈಯಲೂ ಇಲ್ಲ, ಮತ್ತೆ ಕಲಿಸಲೂ ಇಲ್ಲ. "ಹೆಣ ಬಿದ್ರೂ ಚೆಂಡು ಬಿಡಬೇಡ ಅಂತ ಹೇಳಿಕೊಟ್ಟೋನು ನಾನೇ ಅಲ್ವಾ ಓಟ್ಟೊ? ಮಾತಿಗೆ ಹೇಳಿದ್ದೆ. ಮಾತಿಗೆ," ಎನ್ನುತ್ತಿದ್ದರು. ಆ ಬೇಸಿಗೆ ಮುಗಿಯುವುದರೊಳಗೆ ಕೋರ್ಟಿಗೆ ಬರುವುದನ್ನೇ ಬಿಟ್ಟರು.

ಹಾಯ್ನಿ ಬುಡಾಪೆಸ್ಟಿನಲ್ಲಿ ಒಂದು ಕೋಣೆ ಹಿಡಿದಳು. ಒಂದು ದಿನ ಬುಡಾಪೆಸ್ಟಿನ ಬಸ್ಸಿನ ಡ್ರೈವರ್ ಶೆಡ್ಡಿಗೆ ಬಂದು ಉದ್ದನೆಯ ಪೊಟ್ಟಣ ಕೊಟ್ಟ. ಒಳಗೆ ಆರು ರ‍್ಯಾಕೆಟ್ಟು, ಒಂದು ಚೀಟಿ. ಚೀಟಿಯಲ್ಲಿ ಇದ್ದದ್ದು "೨೭" ಎಂದು ಮಾತ್ರ. ಒಂದು ದಿನವೆಲ್ಲ ನಾನು ಅವನ್ನು ಮುಟ್ಟಲಿಲ್ಲ. ಎರಡನೆಯ ದಿನ ತಂತಿ ಬಿಗಿದು ಅದೇ ಬಸ್ಸಿನಲ್ಲಿ ಕಳಿಸಿದೆ. ಏಕೆ ಕಳಿಸಿದೆ ಎಂದು ಕೇಳಿದರೆ, ಕೈಗೆ ಕೆಲಸ ಬೇಕಿತ್ತು ಎನ್ನಬಹುದು. ಆರು ವರ್ಷ ಹೀಗೇ ನಡೆಯಿತು. ಅಮ್ಮನಿಗೆ ತಿಳಿಸಲಿಲ್ಲ. ಹಾಯ್ನಿಗೂ ನನಗೂ ನಡುವೆ ಒಂದೇ ಒಂದು ಮಾತು ಇರಲಿಲ್ಲ, ತಂತಿ ಮಾತ್ರ ಇತ್ತು. ತುಂಡಾದ ತಂತಿ ನೋಡಿದರೆ ಅವಳು ಹೇಗೆ ಆಡುತ್ತಿದ್ದಾಳೆಂದು ನನಗೆ ತಿಳಿಯುತ್ತಿತ್ತು. ನಡುಮಧ್ಯದಲ್ಲಿ ತುಂಡಾಗಿದ್ದರೆ ಚೆನ್ನಾಗಿ ಆಡುತ್ತಿದ್ದಾಳೆ. ಅಂಚಿನಲ್ಲಿ ತುಂಡಾಗಿದ್ದರೆ ಭುಜ ನೋಯುತ್ತಿದೆ, ಕೈ ತಡವಾಗುತ್ತಿದೆ.

ಆಮೇಲೆ ಅವಳು ಡಬಲ್ಸ್ ಆಡಲೇ ಇಲ್ಲ. ಸಿಂಗಲ್ಸಿನಲ್ಲಿ ಮೇಲೇರಿದಳು. ನೂರ ಎಂಬತ್ತು, ನೂರ ನಲವತ್ತು, ೧೯೯೬ರ ವಸಂತದಲ್ಲಿ ತೊಂಬತ್ತನಾಲ್ಕು. ಹನ್ನೊಂದು ವಾರ ಅವಳು ಜಗತ್ತಿನ ಮೊದಲ ನೂರು ಮಂದಿಯೊಳಗಿದ್ದಳು. ಪ್ಯಾರಿಸ್ಸಿನ ದೊಡ್ಡ ಪಂದ್ಯಾವಳಿಯಲ್ಲಿ ನೇರ ಪ್ರವೇಶ ಸಿಕ್ಕಿತು. ನಮ್ಮ ಜಿಲ್ಲೆಯ ಪತ್ರಿಕೆ ಅವಳ ಫೋಟೋ ಹಾಕಿತ್ತು. ಬೇಕರಿಯಲ್ಲಿ ಒಬ್ಬಾಕೆ ಅದನ್ನು ನೋಡಿ, "ಹೆಣದ ಮೇಲೆ ಕಾಲಿಟ್ಟು ಹತ್ತಿದ್ರೆ ಯಾರಾದ್ರೂ ಎತ್ತರ ಆಗ್ತಾರೆ," ಎಂದಳು. ಉಳಿದವರು ತಲೆಯಾಡಿಸಿದರು. ನಾನು ಬ್ರೆಡ್ಡು ತೆಗೆದುಕೊಂಡು ಹೊರಗೆ ಬಂದೆ.

ಪ್ಯಾರಿಸ್ಸಿನಲ್ಲಿ ಮೊದಲ ಸುತ್ತಿನಲ್ಲೇ ಸೋತಳು, ಐವತ್ತೆರಡು ನಿಮಿಷದಲ್ಲಿ. ಭುಜಕ್ಕೆ ಸೂಜಿ ಹಾಕಿಸಿಕೊಂಡು ಆಡಿದ್ದಳಂತೆ. ಅಲ್ಲಿಂದ ಇಳಿಜಾರು. ಸೂಜಿ ಮೊದಲು ತಿಂಗಳಿಗೊಂದು, ಆಮೇಲೆ ವಾರಕ್ಕೊಂದು. ನನಗೆ ಬರುತ್ತಿದ್ದ ಚೀಟಿಯಲ್ಲಿ ಇಪ್ಪತ್ತೇಳು ಇಪ್ಪತ್ತೈದಾಯಿತು, ಇಪ್ಪತ್ತನಾಲ್ಕಾಯಿತು. ಕೊನೆಯ ಪೊಟ್ಟಣದಲ್ಲಿ ಇಪ್ಪತ್ತೆರಡು ಎಂದಿತ್ತು. ಝೀಟಾಳಿಗಿಂತಲೂ ಸಡಿಲ. ಇನ್ನು ಮುಗಿಯಿತು ಎಂದುಕೊಂಡೆ. ಮುಗಿದೇ ಇತ್ತು.

ಪ್ರತಿ ನವೆಂಬರಿನ ಸತ್ತವರ ದಿನ ಅವಳು ಬೆಳಗಿನ ಬಸ್ಸಿಗೆ ಬಂದು ಝೀಟಾಳ ಗೋರಿಯ ಮೇಲೆ ಬಿಳಿ ಸೇವಂತಿಗೆ ಇಟ್ಟು ಹೋಗುತ್ತಿದ್ದಳು. ಅಮ್ಮ ಮಧ್ಯಾಹ್ನ ಹೋದಾಗ ಅದನ್ನು ಎತ್ತಿ ಕಸದ ತೊಟ್ಟಿಗೆ ಹಾಕುತ್ತಿದ್ದಳು. ೧೯೯೯ರಲ್ಲಿ ಅಮ್ಮ ಕೈ ಚಾಚಿದವಳು ಹಾಗೇ ನಿಂತಳು. ಆಗಲೇ ಅವಳಿಗೆ ಉಸಿರಾಟದ ತೊಂದರೆ ಶುರುವಾಗಿತ್ತು.

"ಓಟ್ಟೊ, ಅವಳು ಹೇಳಿದ್ದು ನಿಜ ಇರಬಹುದಾ?"

"ಯಾವುದು?"

"ಇಬ್ಬರ ಹೆಸರೂ ಬರಿ ಅಂತ ನನ್ನ ಮಗು ಹೇಳಿದ್ದು. ನಮ್ಮ ಝೀಟಾ ಅಂಥೋಳೇ ತಾನೇ? ತನಗೆ ನೋವಾದ್ರೂ ಬೇರೆಯವರನ್ನ ಮುಂದೆ ಕಳಿಸೋಳು. ಆರು ವರ್ಷದಿಂದ ನಾನು ಅವಳ ಕೊನೇ ಮಾತನ್ನೇ ಕಸಕ್ಕೆ ಹಾಕ್ತಾ ಬಂದ್ನಾ?"

ಟೀಚರ್ ಕಾಲೇಜಿನ ವಿಷಯ ನನ್ನೊಬ್ಬನಿಗೆ ಗೊತ್ತಿತ್ತು. ಆಟ ಬಿಡಬೇಕೆಂದಿದ್ದವಳು ಹೆಸರು ಬರೆ ಎನ್ನುವುದಿಲ್ಲ. ಅಮ್ಮನ ಮುಖ ನೋಡಿದೆ. "ಹೌದಮ್ಮ, ಅಂಥೋಳೇ," ಎಂದೆ.

ಅಮ್ಮ ಹಾಯ್ನಿಗೆ ಕಾಗದ ಬರೆಸಿದಳು. ಆಗಲೇ ಆಟ ಬಿಟ್ಟಿದ್ದ ಹಾಯ್ನಿ ಆ ಕಾಗದ ಕಂಡು ಬಾಯಾಕ್ಕೆ ವಾಪಸಾಗಿ, ಶಾಲೆಯೊಂದರಲ್ಲಿ ಮಕ್ಕಳಿಗೆ ವ್ಯಾಯಾಮ ಹೇಳಿಕೊಡುವ ಕೆಲಸ ಹಿಡಿದು, ಒಂದು ಭಾನುವಾರ ಮಧ್ಯಾಹ್ನ ಬಂದಳು. ಅಮ್ಮ ಅವಳ ಕೈ ಹಿಡಿದು ಕೂರಿಸಿಕೊಂಡು, ಮೊದಲು ಕೇಳಿದ್ದೇ ಅದು: "ಹೇಳು ಮಗು, ಅವಳು ಏನು ಹೇಳಿದ್ಳು?"

ಹಾಯ್ನಿ ಒಮ್ಮೆ ನನ್ನ ಕಡೆ ನೋಡಿ, ಹೇಳಿದಳು.

ಅದು ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಭಾನುವಾರ ಅಮ್ಮ ಮತ್ತೆ ಕೇಳಿದಳು. ಅದರ ಮುಂದಿನ ಭಾನುವಾರವೂ. ಒಂದೇ ಮಾತು ಸಾಲದಾಯಿತು. ಅವಳ ಕಣ್ಣು ತೆರೆದಿತ್ತಾ? ನಿನ್ನ ಕೈ ಹಿಡಿದಿದ್ಲಾ? ಅಮ್ಮ ಅಂದ್ಲಾ? ನೋವು ಅಂದ್ಲಾ? ಹಾಯ್ನಿ ಪ್ರತಿ ಪ್ರಶ್ನೆಗೂ ಉತ್ತರ ಹುಡುಕಿದಳು. ಕಣ್ಣು ತೆರೆದಿತ್ತು. ಕೈ ಹಿಡಿದಿದ್ದಳು. ನೋವು ಅನ್ನಲಿಲ್ಲ. ಹಿಂದಿನ ವಾರ ಹೇಳಿದ್ದನ್ನು ನೆನಪಿಟ್ಟುಕೊಂಡು ಹೇಳಬೇಕಿತ್ತು. ತಪ್ಪಿದರೆ ಅಮ್ಮ ಹಿಡಿಯುತ್ತಿದ್ದಳು. "ಅವತ್ತು ಎಡಗೈ ಅಂದಿದ್ದೆಯಲ್ಲೇ?" "ಹೌದು ಅರಂಕಾ ನೇನಿ, ಎಡಗೈ." ನಾನು ಎದುರಿಗೆ ಕುಳಿತು ಸಾರಿಗೆ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತಿದ್ದೆ. ಅಮ್ಮನ ಮುಖ ಆ ಅರ್ಧ ಗಂಟೆ ಹಸನಾಗಿರುತ್ತಿತ್ತು. ಹಾಯ್ನಿ ಎದ್ದು ಹೋಗುವಾಗ ಅವಳ ಬೆನ್ನಿನ ಬಟ್ಟೆ ಬೆವರಿಗೆ ಅಂಟಿಕೊಂಡಿರುತ್ತಿತ್ತು. ಚಳಿಗಾಲದಲ್ಲೂ.

ಏಳು ವರ್ಷ ಹೀಗೆ ಕಳೆದವು. ೨೦೦೬ರ ಒಂದು ಭಾನುವಾರ ನಾನು ಅಂಗಳದಲ್ಲಿ ಬೆಂಕಿ ಹಾಕಿ ಮೀನಿನ ಸಾರು ಇಟ್ಟಿದ್ದೆ. ನಮ್ಮೂರ ಸಾರನ್ನು ಸೌಟು ಹಾಕಿ ಕಲಕುವಂತಿಲ್ಲ, ಮೀನು ಪುಡಿಯಾಗುತ್ತದೆ. ಕಡಾಯಿಯ ಹಿಡಿ ಹಿಡಿದು ಅಲುಗಿಸುತ್ತಿರಬೇಕು. ಹಾಯ್ನಿ ಬಂದವಳು ಒಳಗೆ ಹೋಗದೆ ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತಳು.

"ಓಟ್ಟೊ, ಝೀಟಾ ಏನೂ ಹೇಳಲಿಲ್ಲ."

"ಗೊತ್ತು," ಎಂದೆ.

"ಏನು ಗೊತ್ತು?"

"ಅವಳು ಆಟ ಬಿಡೋಳಿದ್ಳು. ಕಾಲೇಜಿಗೆ ಸೀಟು ಸಿಕ್ಕಿತ್ತು. ನಂಗೆ ಹೇಳಿದ್ಳು."

ಅವಳು ನನ್ನ ಕಡೆ ತಿರುಗಿದಳು. "ಅಷ್ಟೂ ವರ್ಷ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಗೊತ್ತಿದ್ದೂ ಪ್ರತಿ ಭಾನುವಾರ ಎದುರಿಗೆ ಕೂತ್ಕೊಂಡು ಕೇಳ್ತಿದ್ದೆ."

"ಕೇಳ್ತಿದ್ದೆ."

ಆಗ ಅವಳು ನಡೆದದ್ದನ್ನು ಹೇಳಿದಳು. ಸರೋವರ ಕಾಣಿಸಿದ ಮೇಲೆ ಝೀಟಾ ಬಾಯಿಬಿಟ್ಟಿದ್ದಾಳೆ. ಇದೇ ಕೊನೆಯ ಡಬಲ್ಸು, ಬುಡಾಪೆಸ್ಟಿನಲ್ಲಿ ನಾನು ಆಡುವುದಿಲ್ಲ, ಅಲ್ಲಿಂದ ರೈಲು ಹತ್ತಿ ಮನೆಗೆ ಹೋಗುತ್ತೇನೆ ಎಂದಿದ್ದಾಳೆ. ಇದೊಂದು ವಾರ ಆಡು ಎಂದು ಇವಳು. ಆಗಲ್ಲ ಎಂದು ಅವಳು. "ಅವಳು ಯಾವತ್ತೂ ನಂಗೆ ಆಗಲ್ಲ ಅಂದೋಳಲ್ಲ ಓಟ್ಟೊ. ನಾನು ಮಾತಾಡೋದು ಬಿಟ್ಟು ಕಾಲು ಒತ್ತಿದೆ. ಬೇಗ ಮುಟ್ಟಿದ್ರೆ, ಹೆಸರು ಬರೆದುಬಿಟ್ರೆ, ಅವಳು ಆಡ್ಲೇಬೇಕಾಗುತ್ತೆ ಅಂತ. ಅದೇ ತಲೇಲಿತ್ತು. ಆಮೇಲೆ ಟ್ರ್ಯಾಕ್ಟರು."

ಬೆಂಕಿ ಚಟಚಟ ಅಂದಿತು. ನಾನು ಕಡಾಯಿ ಅಲುಗಿಸುವುದನ್ನು ಮರೆತಿದ್ದೆ.

"ಅವಳ ಕಣ್ಣು ತೆರೆದಿತ್ತು, ಅದು ನಿಜ. ನನ್ನನ್ನೇ ನೋಡ್ತಿದ್ಳು. ಮಾತಿರಲಿಲ್ಲ. ಅವಳನ್ನ ಕರ್ಕೊಂಡ್ ಹೋದ್ರು. ನಂಗೆ ಜಗಳ ಇನ್ನೂ ಮುಗಿದಿಲ್ಲ ಅನ್ನಿಸ್ತಿತ್ತು. ಹೆಸರು ಬರೆದ್ರೆ ಅವಳು ಬರ್ತಾಳೆ, ಬೈಕೊಂಡಾದ್ರೂ ಬರ್ತಾಳೆ ಅಂತ. ಲಾರಿ ಇಳಿಯೋ ಹೊತ್ತಿಗೆ ಅವಳೇ ಬರಿ ಅಂದ್ಳು ಅಂತ ನಂಗೇ ನಂಬಿಕೆ ಬಂದಿತ್ತು."

ಅವಳು ಎದ್ದು ನಿಂತಳು. "ಇವತ್ತು ನೇನಿಗೆ ಹೇಳಿಬಿಡ್ತೀನಿ. ನನ್ನ ಕೈಲಿ ಆಗಲ್ಲ ಇನ್ನು."

"ಬೇಡ."

"ಓಟ್ಟೊ..."

"ನಿಂಗೆ ಹಗುರ ಆಗುತ್ತೆ. ಅಮ್ಮನಿಗೆ? ಅವಳಿಗೆ ಈಗ ಇರೋದೇ ಆ ಮಾತೊಂದು."

"ಮತ್ತೆ ನಾನು?"

ನಾನು ಅಂದ ಮಾತನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. "ಹೆಸರು ಬರೆದೋಳು ನೀನೇ ತಾನೇ? ಆಡಿ ಮುಗಿಸು," ಎಂದೆ.

ಅವಳು ಕೈಯನ್ನು ಸ್ಕರ್ಟಿಗೆ ಒರೆಸಿಕೊಂಡು ಒಳಗೆ ಹೋದಳು. ತಳ ಹತ್ತಿದ ಸಾರನ್ನೇ ಬಡಿಸಿದೆ. ಅಮ್ಮ ಕೇಳಿದಳು, ಹಾಯ್ನಿ ಹೇಳಿದಳು. ಎಡಗೈ ಹಿಡಿದಿದ್ದು, ಹೋಗು ಎಂದದ್ದು, ಇಬ್ಬರ ಹೆಸರೂ ಬರೆ ಎಂದದ್ದು. ಆವತ್ತು ಅವಳು ಯಾವತ್ತಿಗಿಂತ ಚೆನ್ನಾಗಿ ಹೇಳಿದಳು.

ಮತ್ತೆರಡು ವರ್ಷ ಬಂದಳು, ಒಂದು ಭಾನುವಾರವೂ ತಪ್ಪಿಸಲಿಲ್ಲ. ನನ್ನ ಕಣ್ಣು ತಪ್ಪಿಸಿಯೇ ಬರುತ್ತಿದ್ದಳು, ಹೋಗುತ್ತಿದ್ದಳು. ೨೦೦೮ರ ಫೆಬ್ರವರಿಯಲ್ಲಿ ಅಮ್ಮ ನಿದ್ದೆಯಲ್ಲೇ ಹೋದಳು. ಮಣ್ಣಿನ ದಿನ ಊರಿನವರು ಸಾಲಾಗಿ ನಿಂತು ನನ್ನ ಕೈ ಹಿಡಿದು, ಆಮೇಲೆ ಹಾಯ್ನಿಯ ಕೈಯನ್ನೂ ಹಿಡಿದರು. ಬೇಕರಿಯ ಹೆಂಗಸೂ ಹಿಡಿದಳು. "ನೀನು ಕೊನೇವರೆಗೂ ಮಗಳ ಹಾಗೆ ನೋಡ್ಕೊಂಡೆ," ಎಂದಳು. ಹಾಯ್ನಿ ಕೈ ಬಿಡಿಸಿಕೊಂಡು ಗೇಟಿನ ಕಡೆ ನಡೆದಳು. ಒಂದು ತಿಂಗಳಲ್ಲಿ ಶಾಲೆಯ ಕೆಲಸ ಬಿಟ್ಟು ಆಸ್ಟ್ರಿಯಾಕ್ಕೆ ಹೋದಳೆಂದು ತಿಳಿಯಿತು. ಗ್ರಾಜ್ ನಗರದ ಒಂದು ವೃದ್ಧಾಶ್ರಮದಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸ. ನಮ್ಮ ಕಡೆಯ ಎಷ್ಟೋ ಹೆಂಗಸರು ಅದನ್ನೇ ಮಾಡುತ್ತಾರೆ.

ಹನ್ನೆರಡು ವರ್ಷ ಅವಳಿಂದ ಸುದ್ದಿಯಿಲ್ಲ. ನಾನೂ ವಿಚಾರಿಸಲಿಲ್ಲ. ಕಾಜ್ಮೇರ್ ಬಾಚಿ ತೀರಿಕೊಂಡಾಗ ತಿಳಿಸಬೇಕೆಂದು ನಂಬರು ಹುಡುಕಿ ಫೋನು ಮಾಡಿದೆ. ಅವಳೇ ಎತ್ತಿಕೊಂಡಳು. ಬರಲು ರಜೆ ಸಿಗುವುದಿಲ್ಲ ಎಂದಳು. ಭುಜಕ್ಕೆ ಆಪರೇಷನ್ ಆಗಿದೆಯಂತೆ, ಬಲಗೈ ತಲೆಯವರೆಗೆ ಏಳುವುದಿಲ್ಲವಂತೆ. ಮುದುಕರನ್ನು ಎತ್ತುವ ಕೆಲಸ ಬೇರೆಯವರಿಗೆ ಕೊಟ್ಟು, ಇವಳಿಗೆ ಊಟ ತಿನ್ನಿಸುವ ಕೆಲಸ ಕೊಟ್ಟಿದ್ದಾರಂತೆ.

"ಅವತ್ತು ನಾನು ಹಾಗೆ ಅನ್ನಬಾರದಿತ್ತು," ಎಂದೆ.

"ಅಂದಾಯ್ತಲ್ಲ," ಎಂದಳು.

ಏನಾದರೂ ಮಾತಾಡಬೇಕಲ್ಲ ಎಂದು, ಅಲ್ಲಿಯ ಜನ ಹೇಗೆ ಎಂದು ಕೇಳಿದೆ. ಅವಳು ಹೇಳಿದಳು.

"ಒಬ್ಳು ಮುದುಕಿ ಇದಾಳೆ. ಏನೂ ನೆನಪಿಲ್ಲ. ಚಮಚ ಬಾಯಿಗಿಟ್ರೆ ಸಾಕು, ನನ್ನ ಮಗಳು ಇವತ್ತು ಬರ್ತಾಳಾ ಅಂತ ಕೇಳ್ತಾಳೆ. ಮಗಳು ಸತ್ತು ಎಷ್ಟೋ ವರ್ಷ ಆಯ್ತಂತೆ. ಮಿಕ್ಕೋರೆಲ್ಲ ಬರ್ತಾಳೆ ಅಜ್ಜಿ, ತಿನ್ನಿ ಅಂತಾರೆ. ಹಾಗೇ ಹೇಳ್ಬೇಕು ಅಂತ ಇಲ್ಲಿ ಕಲಿಸಿಯೇ ಕೊಡ್ತಾರೆ."

"ನೀನೇನು ಹೇಳ್ತೀಯ?"

"ನಾನು ಚಮಚ ಕೆಳಗಿಟ್ಟು ಬೇರೆಯವರನ್ನ ಕರೀತೀನಿ."

ಹಿಂದಿನಿಂದ ಯಾರೋ ಜರ್ಮನ್ನಿನಲ್ಲಿ ಅವಳ ಹೆಸರು ಕೂಗಿದರು. ಊಟದ ಹೊತ್ತಾಯಿತು ಎಂದು ಹೇಳಿ ಫೋನು ಇಟ್ಟಳು.